ಉದ್ಘಾಟನೆ ಮುಗಿದ ಮ್ಯಾಲ

ಮಾತಾಡುವವರು ಇಬ್ಬರು. ಒಬ್ಬರು ಮರೋಳದಲ್ಲಿ ನೆಲೆಸಿರುವ ನಿವೃತ್ತ ಪ್ರಾಥಮಿಕ ಶಾಲೆಯ ಮಾಸ್ತರು. ಇನ್ನೊಬ್ಬರು ಅವರ ಕೈಯಲ್ಲಿ ಅಕ್ಷರ ಕಲಿತವರು. ಈಗ ಬಾಗಲಕೋಟೆ ಜಿಲ್ಲೆಯ ಒಂದು ಕಾಲೇಜಿನಲ್ಲಿ ಪತ್ರಿಕೋದ್ಯಮ ಕಲಿಸುತ್ತಾರೆ, ನೀರು, ನೇಕಾರಿಕೆ, ಮುಳುಗಡೆ ಕುರಿತು ಲೇಖನ, ಪುಸ್ತಕ ಬರೆಯುತ್ತಾರೆ.

ಮಾಸ್ತರು: ಬಾರವ್ವಾ, ಕುಂಡ್ರು. ನಿನ್ನ ಹೆಸರು ಪೇಪರಿನ್ಯಾಗ ಮೂರು ತಿಂಗಳಿಗೊಮ್ಮೆ, ನಾಕು ತಿಂಗಳಿಗೊಮ್ಮೆ ಕಾಣ್ತೈತಿ. ನಮ್ಮ ಕಡೆ ಸುದ್ದಿ ಹಾಕೋ ಹುಡುಗನ ವರದಿ ದಿನಾ ಬರ್ತಾವ. ಹಂಗಾದ್ರ ಉಳಿದ ದಿನ ನೀ ಏನು ಮಾಡ್ತಿ? ಕಲಸ್ತಿಯೋ, ಬರೀತಿಯೋ?

ಲೇಖಕಿ: ಎರಡೂ ಮಾಡ್ತೀನ್ರಿ ಗುರುಗಳ. ಮುಂಜಾನೆದ್ದು ಬರೀತೀನಿ, ಆಮ್ಯಾಲ ಕಾಲೇಜು, ರಾತ್ರಿ ಹುಡುಗರು ಬರದದ್ದನ್ನ ತಿದ್ದತೀನಿ. ರವಿವಾರ, ಸೂಟಿ ಸಿಕ್ಕಾಗ ಊರು ತಿರುಗ್ತೀನಿ. ಆ ಹುಡುಗನ ಕೆಲಸ ಸಣ್ಣದು ಅಂತ ನಾ ಅನ್ನಂಗಿಲ್ಲ. ಅಪಘಾತ ಆತು, ಹೊಳಿ ಬಂತು, ಕರೆಂಟ್ ಹೋತು ಅಂದ್ರ ಅವತ್ತ ಹೇಳಬೇಕು, ಅದನ್ನ ಅವ ಹೇಳ್ತಾನ. ಅವನ ಸುದ್ದಿ ಮುಗಿದ ಜಾಗದಿಂದ ನನ್ನ ಕೆಲಸ ಸುರು ಆಗ್ತೈತಿ.

ಮಾಸ್ತರು: ಸುದ್ದಿ ಮುಗಿದ ಮ್ಯಾಲ ಏನು ಉಳೀತೈತಿ ಬರಿಯಾಕ?

ಲೇಖಕಿ: ನಿಮ್ಮೂರನ್ನ ತಗೊಳ್ರಿ. ರಾಮಥಾಳ-ಮರೋಳ ಹನಿ ನೀರಾವರಿ ಯೋಜನೆ. ನಾರಾಯಣಪುರ ಜಲಾಶಯದ ಹಿನ್ನೀರು ಎತ್ತಿ, ಕಾಲುವಿ ಬಿಟ್ಟು ಪೈಪಿನ್ಯಾಗ ಹರಿಸಿ, ಸುಮಾರು 24,000 ಹೆಕ್ಟೇರ್ ಜಮೀನಿನ್ಯಾಗ ಹನಿಹನಿಯಾಗಿ ಬೀಳಬೇಕು ಅನ್ನೋ ಯೋಜನೆ. ಹೊಲದಾಗಿನ ಪೈಪೂ ಸರ್ಕಾರದ ಖರ್ಚು. ಏಷ್ಯಾದಾಗ ಇಂಥಾದ್ದು ದೊಡ್ಡದು ಅಂತ ಪತ್ರಿಕೆಗಳು ಬರದವು. ಬರೀಬೇಕಾದ ಸುದ್ದೀನ ಅದು. ವರ್ಷಕ್ಕ 600 ಮಿಲಿಮೀಟರ್ ಸುದ್ದಾ ಮಳಿ ಕಾಣದ ಸೀಮಿ ನಮ್ಮದು, ಅಂಥಲ್ಲಿ ನೀರು ಬಂತಂದ್ರ ಸಣ್ಣ ಮಾತಲ್ಲ. ಆದ್ರ ಅದು ಉದ್ಘಾಟನೆ ದಿನದ ಸುದ್ದಿ. ನಾಕು ಹಂಗಾಮು ಕಳದ ಮ್ಯಾಲ ಆ ನೀರು ಯಾರ ಹೊಲದಾಗ ಬಿತ್ತು, ಯಾರ ಹೊಲದಾಗ ಬೀಳಲಿಲ್ಲ, ಬಿದ್ದಲ್ಲಿ ಏನು ಬೆಳೀತು, ಇದನ್ನ ಯಾರು ಬರೀತಾರ?

ಮಾಸ್ತರು: ನೀ ಬರೀತಿ ಅಂತಿ. ಬರಿಯಾಕ ಹೆಚ್ಚು ಬೇಕಾಗಿಲ್ಲವ್ವಾ. ಒಡ್ಡಿನ ಗುಂಟ ನಡದ್ರ ಸಾಕು, ಕರೆ ಪೈಪು ಸಿಂಬಿ ಸುತ್ತಿ ಇಟ್ಟದ್ದು ಕಾಣ್ತಾವ. ಫೋಟೋ ತಗಿ, ‘ಯೋಜನೆ ಹಳ್ಳ ಹಿಡೀತು’ ಅಂತ ಬರಿ, ಮುಗೀತು.

ಲೇಖಕಿ: ನನ್ನ ಹುಡುಗರು ಮೊದಲ ಸಲ ಬಂದಾಗ ಅದನ್ನ ಬರೀತಾರ್ರಿ. ಇನ್ನೊಬ್ಬ ಹುಡುಗ ಪಂಪ್‌ಹೌಸಿಗೆ ಹೋಗಿ, ಒತ್ತಡ ತೋರಿಸೋ ಗಡಿಯಾರದ ಮುಳ್ಳು ನೋಡಿ, ಎಂಜಿನಿಯರ್ ಸಾಹೇಬರ ಮಾತು ಕೇಳಿ, ‘ಬರದ ನಾಡಿನಲ್ಲಿ ಕ್ರಾಂತಿ’ ಅಂತ ಬರೀತಾನ. ಇಬ್ಬರಿಗೂ ಹಾಳಿ ವಾಪಸ್ ಕೊಡ್ತೀನಿ. ಆ ಪೈಪು ಯಾಕ ಸುತ್ತಿಟ್ಟಾರ ಅಂತ ಕೇಳಿದ್ಯಾ? ಯಾವ ತಿಂಗಳಾಗ ನೋಡಿದಿ? ಹೊಲದಾಗ ಯಾವ ಬೆಳಿ ಇತ್ತು? ಈ ಮೂರಕ್ಕ ಉತ್ತರ ಇಲ್ಲದ ಆ ಫೋಟೋಕ್ಕ ಅರ್ಥ ಇಲ್ಲ. ನೀವ ಹೇಳ್ರಿ, ನಿಮ್ಮ ಹೊಲದಾಗ ಯಾಕ ಸುತ್ತಿಟ್ಟೀರಿ?

ಮಾಸ್ತರು: ಎರಿ ಹೊಲ ನಮ್ಮದು. ಹಿಂಗಾರಿಗೆ ಬಿಳಿಜ್ವಾಳ, ಕಡ್ಲಿ. ನೆಲದಾಗ ಹಸಿ ಇದ್ರ ಜ್ವಾಳ ತಾನ ಬರ್ತೈತಿ, ಅದಕ್ಕ ಮ್ಯಾಲಿಂದ ನೀರು ಹಾಕೂದು ಎಷ್ಟಿದ್ದೀತು? ಬಿತ್ತೂ ಮುಂದ ಕೂರಿಗಿ ಹೊಡೀಬೇಕು, ಬೆಳಿ ಮೊಣಕಾಲಿಗೆ ಬರೋದ್ರಾಗ ಎಡಿ ಹೊಡೀಬೇಕು. ಪೈಪು ಹಾಸಿದ ಹೊಲದಾಗ ಎತ್ತು ಹೆಂಗ ತಿರಗತಾವ, ಕುಂಟಿ ಹೆಂಗ ಹೋಗ್ತೈತಿ? ಅದಕ್ಕ ಸುತ್ತಿ ಇಡೂದು. ಇಟ್ಟಲ್ಲಿ ಇಲಿ ಕಡೀತಾವ. ಮತ್ತ ಹಾಸಬೇಕಂದ್ರ ಆಳು ಬೇಕು, ಆಳಿನ ಪಗಾರ ನನ್ನ ಕಿಸೆದ್ದು. ನಮ್ಮ ಬಾಜು ಹೊಲದವ ಉಳ್ಳಾಗಡ್ಡಿ ಹಚ್ಚತಾನ, ಅವ ಒಮ್ಮಿನೂ ಸುತ್ತಿಟ್ಟಿಲ್ಲ.

ಲೇಖಕಿ: ನೋಡ್ರಿ, ನೀವು ಈಗ ಹೇಳಿದ್ದು ಆ ಇಬ್ಬರೂ ಹುಡುಗರ ಹಾಳ್ಯಾಗ ಇರಲಿಲ್ಲ. ಒಂದ ಪೈಪು, ಒಂದ ನೀರು, ನಡುವ ಒಂದ ಒಡ್ಡು. ಉಳ್ಳಾಗಡ್ಡಿ ಹೊಲದಾಗ ಅದು ಕೆಲಸ ಮಾಡ್ತೈತಿ, ಜ್ವಾಳದ ಹೊಲದಾಗ ಅಡ್ಡ ಬರ್ತೈತಿ. ಇನ್ನ ಲಾವಣಿಗೆ ಮಾಡಿದವನ್ನ ಕೇಳಿದ್ರ ಮೂರನೇ ಮಾತು ಬರ್ತೈತಿ. ಈ ವರ್ಷ ಈ ಹೊಲ, ಬರೋ ವರ್ಷ ಮತ್ತೊಂದು. ಅವ ಪೈಪು ಜ್ವಾಕಿ ಮಾಡಿ ಯಾರಿಗೆ ಉಳಸಬೇಕು? ತುದಿ ಹೊಲದವನ್ನ ಕೇಳಿದ್ರ ನಾಕನೇದು. ಅವನಿಗೆ ಬೆಳಿ ಮಾತಾಡೂದಕ್ಕಿಂತ ಮೊದಲ ನೀರಿನ ಒತ್ತಡದ ಮಾತು ಬೇಕು. ಫಿಲ್ಟರ್ ಯಾರು ತೊಳೀತಾರ, ಪಾಳಿ ಯಾರು ಗೊತ್ತು ಮಾಡ್ತಾರ, ನೀರು ಬಳಕೆದಾರರ ಸಂಘದ ಸಭೆ ಯಾವಾಗ ಕೂಡಿತ್ತು, ಠರಾವು ಪುಸ್ತಕದಾಗ ಏನು ಬರದೈತಿ. ಇಷ್ಟು ಕೇಳಿದ ಮ್ಯಾಲ ಹುಡುಗನಿಗೆ ‘ಹಳ್ಳ ಹಿಡೀತು’ ಅಂತಾನೂ ಬರಿಯಾಕ ಆಗಂಗಿಲ್ಲ, ‘ಕ್ರಾಂತಿ’ ಅಂತಾನೂ ಬರಿಯಾಕ ಆಗಂಗಿಲ್ಲ. ಆವಾಗ ಅವ ಬರಿಯಾಕ ಲಾಯಕ್ಕಾದ ಅಂತ ನನ್ನ ಲೆಕ್ಕ.

ಮಾಸ್ತರು: ಹೆಣ್ಣುಮಕ್ಕಳನ್ನ ಕೇಳಾಕ ಹೇಳ್ತಿಯೋ ಇಲ್ಲೋ? ಕಳೇವು ತಗಿಯೋರು ಅವರು, ಪೈಪು ತುಳೀದಂಗ ನಡಿಯೋರೂ ಅವರು. ಬಂದವರು ಎಲ್ಲಾರೂ ಪಂಚಾಯತಿ ಮುಂದ ಕುಂತ ಗಂಡಸರನ್ನ ಮಾತಾಡಿಸಿ ಹೋಗ್ತಾರ.

ಲೇಖಕಿ: ಅದು ನಮ್ಮ ತರಗತಿಯಾಗ ಮೊದಲನೇ ನೇಮ್ರಿ. ಕಟ್ಟಿ ಮ್ಯಾಲ ಕೇಳಿದ್ದನ್ನ ಹೊಲದಾಗ, ಅಡಗಿ ಮನ್ಯಾಗ ಮತ್ತೊಮ್ಮೆ ಕೇಳಬೇಕು. ಹೊಲದಾಗ ಸಿಕ್ಕ ಹೆಣ್ಣುಮಗಳು ನೀರಿನ ಬಗ್ಗೆ ಹೇಳೂದು ಬ್ಯಾರೆನ ಇರ್ತೈತಿ. ಅಕಿ ಲೀಟರಿನ ಲೆಕ್ಕ ಹೇಳಂಗಿಲ್ಲ, ನೀರು ಬಿದ್ದಲ್ಲೆ ಕಳೇವು ಎಷ್ಟು ದಟ್ಟ ಬಂತು, ಎಷ್ಟು ದಿನದ ಕೂಲಿ ಸಿಕ್ಕಿತು ಅಂತ ಹೇಳ್ತಾಳ. ಆ ಲೆಕ್ಕ ಯಾವ ಕಚೇರಿ ಕಾಗದದಾಗೂ ಇಲ್ಲ.

ಮಾಸ್ತರು: ಇದನ್ನೆಲ್ಲ ಪಾಠ ಮಾಡಿ ಕಲಸಾಕ ಬರ್ತೈತಿ? ನಾ ಮಗ್ಗಿ ಕಲಸೀನಿ, ವ್ಯಾಕರಣ ಕಲಸೀನಿ. ಊರು ನೋಡೂದನ್ನ ಹೆಂಗ ಕಲಸ್ತಿ?

ಲೇಖಕಿ: ಪುಸ್ತಕದಿಂದ ಅರ್ಧ, ತಿರುಗಾಟದಿಂದ ಅರ್ಧ. ಪುಸ್ತಕಾನೂ ಬೇಕ್ರಿ. 1843ರ ಜುಲೈ 1ಕ್ಕ ಮಂಗಳೂರಾಗ ಹರ್ಮನ್ ಮೋಗ್ಲಿಂಗ್ ‘ಮಂಗಳೂರು ಸಮಾಚಾರ’ ತಗದದ್ದು, ಧಾರವಾಡದಾಗ 1921ಕ್ಕ ‘ಕರ್ಮವೀರ’ ಸುರು ಆದದ್ದು, 1951ರಾಗ ಮೈಸೂರಿನ ಮಹಾರಾಜ ಕಾಲೇಜಿನ್ಯಾಗ ಪತ್ರಿಕೋದ್ಯಮ ವಿಭಾಗ ಬಂದದ್ದು, ಅಲ್ಲೆ ಕಲಸಿದ ನಾಡಿಗ ಕೃಷ್ಣಮೂರ್ತಿಯವರು 1966ರಾಗ ಭಾರತದ ಪತ್ರಿಕೋದ್ಯಮದ ಇತಿಹಾಸ ಬರದದ್ದು, ಇವೆಲ್ಲ ಹೇಳ್ತೀನಿ. ನಮ್ಮ ಬಾಗಲಕೋಟೆಯಾಗ 1928ರಾಗ ಕರ್ನಾಟಕದ ಪತ್ರಕರ್ತರು ಸಮ್ಮೇಳನ ಕೂಡಿದ್ರು, ಡಿ.ವಿ.ಜಿ.ಯವರು ಅಧ್ಯಕ್ಷರು. ಪತ್ರಿಕೆ ಕಸುಬಿನ ಮ್ಯಾಲ ‘ವೃತ್ತಪತ್ರಿಕೆ’ ಅನ್ನೋ ಪುಸ್ತಕ ಬರದವರು ಅವರು. ನಮ್ಮ ಹುಡುಗರಿಗೆ ಇದು ಗೊತ್ತಾದಾಗ ಕುಂತಲ್ಲೆ ನೆಟ್ಟಗಾಗ್ತಾರ. ಪತ್ರಿಕೋದ್ಯಮ ಅಂದ್ರ ಬೆಂಗಳೂರು ಅಂತ ತಿಳಕೊಂಡಿರ್ತಾರ, ತಮ್ಮ ಬಸ್ ನಿಲ್ಲೋ ಊರಾಗ ಇದು ನಡೀತು ಅಂದ್ರ ಅವರಿಗೆ ಬಲ ಬಂದಂಗ ಆಗ್ತೈತಿ.

ಉಳಿದರ್ಧಕ್ಕ ಐಹೊಳಿಗೆ ಕರ್ಕೊಂಡು ಹೋಗ್ತೀನಿ.

ಮಾಸ್ತರು: ಐಹೊಳಿಗೆ? ಗುಡಿ ನೋಡಾಕ?

ಲೇಖಕಿ: ಮೇಗುತಿ ಗುಡಿ ಗ್ವಾಡಿ ಮ್ಯಾಲಿನ ಶಾಸನ ನೋಡಾಕ. ಕವಿ ರವಿಕೀರ್ತಿ 634ರಾಗ ಬರಸಿದ್ದು. ಇಮ್ಮಡಿ ಪುಲಕೇಶಿ ಯಾರ್‍ಯಾರನ್ನ ಗೆದ್ದ, ಹರ್ಷವರ್ಧನನ್ನ ಹೆಂಗ ತಡದ ಅಂತ ಸಂಸ್ಕೃತದಾಗ ಹೊಗಳಿಕಿ. ಕಡೀಕ ತನ್ನ ಹೆಸರೂ ಹಾಕ್ಯಾನ, ತಾನು ಕಾಳಿದಾಸ, ಭಾರವಿಯವರ ಸಮಾ ಅಂತಾನೂ ಹೇಳ್ಯಾನ. ಹುಡುಗರಿಗೆ ಕೇಳ್ತೀನಿ: ಇದನ್ನ ಬರದವನ ಅನ್ನ ಯಾರ ಮನೀದು? ರಾಜನ ಆಶ್ರಯದ್ದು. ಹಂಗಂತ ಇದರಾಗ ಖರೆ ಇಲ್ಲೇನು? ಐತಿ. ಶಕವರ್ಷ 556 ಅಂತ ಗಟ್ಟಿ ಕಾಲ ಕೊಟ್ಟಾನ, ಅದರಿಂದ ಎಷ್ಟೋ ಇತಿಹಾಸ ನಿಂತೈತಿ. ಹೊಗಳಿಕಿ ಒಳಗಿಂದ ಸಂಗತಿ ಬ್ಯಾರೆ ಮಾಡೂದನ್ನ ಅಲ್ಲೆ ಕಲಸ್ತೀನಿ. ಮರುದಿನ ತರಗತಿಯಾಗ ಒಂದು ಇಲಾಖೆಯ ಪತ್ರಿಕಾ ಪ್ರಕಟಣೆ ಕೈಯಾಗ ಕೊಟ್ಟು, ‘ಈಗ ಇದನ್ನ ಓದ್ರಿ’ ಅಂತೀನಿ. ಯಾವ ಸಾಲು ಹೊಗಳಿಕಿ, ಯಾವ ಸಾಲು ಅಂಕಿ, ಯಾರ ಹೆಸರು ಬಿಟ್ಟು ಹೋಗೈತಿ ಅಂತ ಪೆನ್ಸಿಲ್ ಹಿಡಕೊಂಡು ಗುರುತು ಹಾಕ್ತಾರ. ಮೇಗುತಿ ಶಾಸನದಾಗ ಕಲ್ಲು ಹೊತ್ತವರ ಹೆಸರಿಲ್ಲ ಅಂತ ಒಬ್ಬಾಕಿ ಬರದಿದ್ದಳು. ಆ ಹುಡುಗಿ ಬರಿಯಾಕ ಹುಟ್ಟ್ಯಾಳ.

ಮಾಸ್ತರು: ಹಂಗಾದ್ರ ಹೊಗಳಿಕಿ ಓದಾಕ ಕಲಸ್ತಿ. ಅಳೂದನ್ನ? ಈಗಿನ ಪೇಪರಿನ್ಯಾಗ ಹೊಗಳಿಕಿಗಿಂತ ಅಳು ಹೆಚ್ಚು. ರೈತ ಅಳ್ತಾನ, ನೇಕಾರ ಅಳ್ತಾನ, ಎಲ್ಲಾದೂ ಅಳಿವಿನ ಅಂಚಿನ್ಯಾಗ ಐತಿ.

ಲೇಖಕಿ: ಒಳ್ಳೆ ಜಾಗಾ ಹಿಡದ್ರಿ. ಒಬ್ಬ ಹುಡುಗ ಇಳಕಲ್ ಸೀರಿ ಬಗ್ಗೆ ಬರಕೊಂಡು ಬಂದ. ಮೊದಲ ಸಾಲ ‘ಕೈಮಗ್ಗ ಅಳಿವಿನ ಅಂಚಿನಲ್ಲಿದೆ.’ ನಾ ಕೇಳಿದೆ, ಕೊಂಡಿ ಹಾಕೂದು ನೋಡಿದಿ? ಇಲ್ಲ ಅಂದ. ಹೋಗು, ಒಂದು ಸೀರಿ ಕೊಂಡಿ ಪೂರಾ ಆಗೂ ತನಕ ಕುಂತು ಬಾ ಅಂದೆ. ಇಳಕಲ್ ಸೀರಿಯ ಒಡಲಿನ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಎರಡನ್ನೂ ಎಳಿಗೆ ಎಳಿ ಕುಣಿಕಿ ಹಾಕಿ ಜೋಡಿಸಿದ್ರನ ಕೆಂಪು ಸೆರಗು ಒಡಲಿಗೆ ಕೂಡತೈತಿ. ಒಂದು ಎಳಿ ತಪ್ಪಿದ್ರ ಸೀರಿ ಉದ್ದಕ್ಕ ಗೊತ್ತಾಗ್ತೈತಿ. ಮಗ್ಗದ ಮ್ಯಾಲ ಕೈ ಆಡಿಸೋನು ಒಬ್ಬ, ಆದ್ರ ನಮ್ಮ ಹುಡುಗ ಹೋದ ಮನ್ಯಾಗ ಕೊಂಡಿ ಹಾಕಿದಾಕಿ ಆ ನೇಕಾರನ ತಾಯಿ. ಕಣ್ಣಿಗೆ ಕನ್ನಡಕ, ಬೆಳಕು ಬರೋ ಕಡೆ ಮುಖ ಮಾಡಿ, ಬೆರಳ ತುದೀಲಿ ಎಳಿ ಹೊಸೀತಿದ್ದಳಂತ. ಮಾತಾಡಿಸಿದ್ರ ಎಳಿ ತಪ್ಪತೈತಿ ಅಂತ ಹುಡುಗ ಸುಮ್ಮನ ಕುಂತ. ಕಡೀಕ ಕೂಲಿ ಕೇಳಿದ. ಮಾಲೀಕ ಕೊಡೂದು ಸೀರಿಗೆ ಇಷ್ಟು ಅಂತ. ಆ ಲೆಕ್ಕ ಬರೋದು ಮಗನ ಹೆಸರಿಗೆ, ಆ ತಾಯಿಯ ಕೆಲಸಕ್ಕ ಬ್ಯಾರೆ ಕೂಲಿ ಇಲ್ಲ.

ಹುಡುಗ ಮತ್ತ ಬರದ. ‘ಅಳಿವಿನ ಅಂಚು’ ಅನ್ನೋ ಮಾತ ಎಲ್ಲಿಯೂ ಇರಲಿಲ್ಲ. ಆ ಕೊಂಡಿ, ಆ ಕೂಲಿ ಲೆಕ್ಕ, ಬಾಜು ಓಣ್ಯಾಗ ಪವರ್‌ಲೂಮಿನ್ಯಾಗ ಕೊಂಡಿ ಇಲ್ಲದ ಸೀರಿ ಎಷ್ಟು ಜಲ್ದಿ ಇಳೀತಾವ ಅನ್ನೂದು, ಎರಡರ ಬೆಲಿ. ಓದಿದವರಿಗೆ ಅಳು ಬರಲಿ ಅಂತ ಅವ ಒಂದು ಶಬ್ದಾನೂ ಹಾಕಿರಲಿಲ್ಲ. ನಾ ಓದಿ ಬಾಳ ಹೊತ್ತು ಸುಮ್ಮನ ಕುಂತೆ.

ಮಾಸ್ತರು: ಛಲೋ ಆತು. ಆದ್ರ ಕಣ್ಣಿಂದ ನೋಡೂದಷ್ಟ ಸಾಲಂಗಿಲ್ಲಲ್ಲ. ಹಳ್ಳ್ಯಾಗ ಅರ್ಧ ಜಗಳ ಕಾಗದದಾಗ ಇರ್ತಾವ.

ಲೇಖಕಿ: ಹೌದ್ರಿ. ಅದಕ್ಕ ಉತಾರ, ಅಂದ್ರ ಹೊಲದ ಪಹಣಿ, ಓದಾಕ ಕಲಸ್ತೀನಿ. ಬಿ.ಎ. ಓದೋ ಹುಡುಗರು, ಎಲ್ಲಾರ ಮನ್ಯಾಗ ಹೊಲ ಐತಿ, ಉತಾರ ಓದಾಕ ಬರಂಗಿಲ್ಲ. 9ನೇ ಕಾಲಂನ್ಯಾಗ ಯಾರ ಹೆಸರು, 11ರಾಗ ಸಾಲ ಬೋಜಾ ಏನು, 12ರಾಗ ಸಾಗು ಮಾಡವ ಯಾರು, ಬೆಳಿ ಯಾವುದು ಬರದಾರ. ಹೊಲದಾಗ ನೋಡಿದ ಬೆಳಿಗೂ 12ನೇ ಕಾಲಂನ ಬೆಳಿಗೂ ಫರಕು ಬಂತಂದ್ರ ಅಲ್ಲೆ ಒಂದು ಲೇಖನ ಐತಿ. ಬೆಳಿ ಪರಿಹಾರ ಬರೂದೂ ಬರದಿರೂದೂ ಆ ಕಾಲಂ ಮ್ಯಾಲ ನಿಂತಿರ್ತೈತಿ. ಆದ್ರ 11ನೇ ಕಾಲಂ ಓದಿದ್ರೂ ಬರೀಬ್ಯಾಡ್ರಿ ಅಂತ ಹೇಳ್ತೀನಿ. ಯಾರ ಮ್ಯಾಲ ಎಷ್ಟು ಸಾಲ ಅಂತ ಕಂಪ್ಯೂಟರಿನ್ಯಾಗ ಎಲ್ಲಾರಿಗೂ ಕಾಣ್ತೈತಿ, ಆದ್ರ ಪೇಪರಿನ್ಯಾಗ ಹೆಸರು ಹಚ್ಚಿ ಅಚ್ಚಾದ್ರ ಆ ಮನಿ ಮಗಳ ಮದುವಿ ನಿಂತು ಹೋದೀತು. ಸಿಕ್ಕಿದ್ದೆಲ್ಲಾ ಬರಿಯೂದು ನಮ್ಮ ಹಕ್ಕಲ್ಲ.

ಇನ್ನೊಂದು, ಮಾಹಿತಿ ಹಕ್ಕಿನ ಅರ್ಜಿ. ಹತ್ತು ರೂಪಾಯಿ ಫೀ, ನಮ್ಮ ರಾಜ್ಯದಾಗ ಅರ್ಜಿ 150 ಶಬ್ದದಾಗ ಮುಗೀಬೇಕು, ಒಂದ ವಿಷಯ ಇರಬೇಕು, 30 ದಿನದಾಗ ಉತ್ತರ ಬರಬೇಕು. 150 ಶಬ್ದದಾಗ ಜಾರಿಕೊಳ್ಳಾಕ ದಾರಿ ಇಲ್ಲದಂಗ ಪ್ರಶ್ನೆ ಬರಿಯೂದು ಕಲಿತ್ರ ಅವ ಅರ್ಧ ಬರಹಗಾರ ಆದಂಗ. ‘ಯೋಜನೆ ಬಗ್ಗೆ ಎಲ್ಲಾ ಮಾಹಿತಿ ಕೊಡಿ’ ಅಂತ ಕೇಳಿದ್ರ ಏನೂ ಬರಂಗಿಲ್ಲ. ‘ಈ ಎರಡು ತಾರೀಕಿನ ನಡುವ, ಈ ವಲಯಕ್ಕ, ಯಾವ್ಯಾವ ದಿನ ಎಷ್ಟು ತಾಸು ನೀರು ಬಿಟ್ಟೀರಿ, ದಾಖಲೆ ವಹಿಯ ನಕಲು ಕೊಡಿ’ ಅಂತ ಕೇಳಿದ್ರ ಬರ್ತೈತಿ.

ಮಾಸ್ತರು: ಬರೋ ತನಕ ಹುಡುಗರು ಪಾಸಾಗಿ ಮನಿಗೆ ಹೋಗಿರ್ತಾರ.

ಲೇಖಕಿ: ಕೆಲವೊಮ್ಮೆ ಹಂಗೂ ಆಗ್ತೈತಿ. ಆವಾಗ ಮುಂದಿನ ವರ್ಷದ ಹುಡುಗರಿಗೆ ಆ ಕಾಗದ ದಾಟಸ್ತೀನಿ. ಮುಳುಗಡಿ ಬಗ್ಗೆ ಬರಿಯೋ ಕೆಲಸ ಹಂಗ ನಡದೈತಿ. ನನ್ನ ತರಗತಿಯಾಗ ಪುನರ್ವಸತಿ ಕೇಂದ್ರದಿಂದ ಬರೋ ಮಕ್ಕಳು ಬಾಳ. ಆಲಮಟ್ಟಿ ಜಲಾಶಯದ ನೀರಿನ ಮಟ್ಟ 519.60 ಮೀಟರ್, ಎತ್ತರಿಸಬೇಕಂತ ಇರೋದು 524.256 ಮೀಟರ್. ಈ ಎರಡು ಅಂಕಿ ಎಲ್ಲಾ ಪೇಪರಿನ್ಯಾಗ ಬಂದಾವ. ಎರಡರ ನಡುವ ನಿಂತ ಮನಿಯಾಗ ಏನು ನಡದೈತಿ? ಗ್ವಾಡಿ ಬಿದ್ರ ಕಟ್ಟಿಸಬೇಕೋ ಬ್ಯಾಡೋ, ಮಗನಿಗೆ ಹೊಸ ಖೋಲಿ ಹಾಕಬೇಕೋ ಬ್ಯಾಡೋ, ಪರಿಹಾರ ಬಂದ್ರ ಯಾರ ಹೆಸರಿಗೆ? ಅವರವರ ಮನೀದು ಅವರವರು ಬರೀತಾರ. ಅಜ್ಜಿಯನ್ನ ಕೇಳ್ರಿ, ತಾರೀಕನ್ನ ಕಾಗದದ ಜೋಡಿ ತಾಳಿ ಹಾಕಿ ನೋಡ್ರಿ ಅಂತೀನಿ. ಅಜ್ಜಿ ನೆನಪಿನ ವರ್ಷಕ್ಕೂ ನೋಟಿಸಿನ ವರ್ಷಕ್ಕೂ ಫರಕು ಬಂದ್ರ ಎರಡನ್ನೂ ಬರೀಬೇಕು.

ಮಾಸ್ತರು: ಒಂದು ಕೇಳ್ತೀನಿ, ಬ್ಯಾಸರ ಮಾಡಕೋಬ್ಯಾಡ. ನೀವು ಬರಿಯೋರು ಒಂದೊಂದು ಸಲ ನಾಕು ಮಂದಿ ಮಾತು ಕೂಡಿಸಿ ಒಬ್ಬ ಮುದುಕನ ಬಾಯಾಗ ಇಡ್ತೀರಿ. ಓದಾಕ ರುಚಿ ಅನಿಸ್ತೈತಿ. ಆದ್ರ ನಮ್ಮೂರಾಗ ಅಂಥ ಮುದುಕ ಇರಂಗಿಲ್ಲ.

ಲೇಖಕಿ: ನಾ ಅದನ್ನ ಮಾಡಂಗಿಲ್ಲ, ಮಾಡಿದ ಹುಡುಗರನ್ನ ಪಾಸೂ ಮಾಡಂಗಿಲ್ಲ. ಕತಿ ಬರಿಯೋರಿಗೆ ಆ ಸ್ವಾತಂತ್ರ್ಯ ಐತಿ, ಅವರು ಕತಿ ಅಂತ ಹೇಳಿ ಬರೀತಾರ. ನಾವು ನಡದದ್ದು ಅಂತ ಹೇಳಿ ಬರಿಯೋರು. ಇಲ್ಲದ ಮುದುಕ ಒಂದ ಸಾಲಿನ್ಯಾಗ ಬಂದ ಅಂದ್ರ ಇದ್ದ ಮುದುಕರ ಮಾತೂ ಯಾರೂ ನಂಬಂಗಿಲ್ಲ. ಹೆಸರು ಮುಚ್ಚಬೇಕಾದ್ರ ‘ಹೆಸರು ಬದಲಿಸೀನಿ’ ಅಂತ ಬರೀಬೇಕು. ಆಡದ ಮಾತು ಆಡಿಸಬಾರದು. ಗುರುಗಳ, ನೀವ ಕಲಿಸಿದ್ದು: ಲೆಕ್ಕ ಬರದಿದ್ರ ಬರಲಿಲ್ಲ ಅನ್ನು, ಬಾಜುದವಂದು ನೋಡಿ ಬರೀಬ್ಯಾಡ ಅಂತ.

ಮಾಸ್ತರು: ಅದು ನೆನಪೈತೇನು ನಿನಗ! ಆತು, ಈಗ ಹೊಟ್ಟಿ ಮಾತು. ಇದರಾಗ ಎಷ್ಟು ಸಿಗ್ತೈತಿ?

ಲೇಖಕಿ: ಮುಚ್ಚಿಡೂದೇನೂ ಇಲ್ಲ. ಕಾಲೇಜಿನ್ಯಾಗ ನಾ ಅತಿಥಿ ಉಪನ್ಯಾಸಕಿ. ಪಾಠ ಇದ್ದ ತಿಂಗಳು ಗೌರವಧನ, ಸೂಟಿ ತಿಂಗಳು ಇಲ್ಲ. ಗೌರವಧನಾನೂ ಕೆಲವೊಮ್ಮೆ ತಿಂಗಳುಗಟ್ಟಲೆ ತಡ. ಪುಸ್ತಕದ ಲೆಕ್ಕ ಕೇಳ್ರಿ: ಕನ್ನಡದಾಗ ಇಂಥ ಪುಸ್ತಕ ಸಾವಿರ ಪ್ರತಿ ಅಚ್ಚಾಗ್ತಾವ, ರಾಯಲ್ಟಿ ನೂರಕ್ಕ ಹತ್ತು. 200 ರೂಪಾಯಿ ಬೆಲಿ ಇಟ್ರ, ಒಂದೂ ಉಳೀದಂಗ ಮಾರಿದ್ರ 20,000 ರೂಪಾಯಿ. ಅಂಥ ಒಂದು ಪುಸ್ತಕಕ್ಕ ವರ್ಷಗಟ್ಟಲೆ ತಿರುಗಾಟ, ಬಸ್ ಚಾರ್ಜು, ನಕಲು ಪ್ರತಿ, ಊರೂರಾಗ ಕೂಲಿ ಬಿಟ್ಟು ಕುಂತು ಮಾತಾಡಿದವರ ಹೊತ್ತು. ಲೇಖನಕ್ಕ ಪತ್ರಿಕೆಯವರು ಸಂಭಾವನೆ ಕೊಡ್ತಾರ, ಊರಿಗೆ ಹೋಗಿ ಬರೋ ಖರ್ಚು ಕೊಡೂದು ಅಪರೂಪ. ಕಲಸೂದು ಇಲ್ಲದಿದ್ರ ಬರಿಯೂದು ನಡಿಯಂಗಿಲ್ಲ. ಇದು ನನ್ನೊಬ್ಬಾಕಿ ಮಾತಲ್ಲ. ಪಿ. ಸಾಯಿನಾಥ್ ಅವರ ಹೆಸರು ಕೇಳೀರಿ. ಬಡ ಜಿಲ್ಲೆಗಳನ್ನ ತಿರುಗಿ 1996ರಾಗ ಪುಸ್ತಕ ತಂದ್ರು, ಕನ್ನಡಕ್ಕ ಜಿ.ಎನ್. ಮೋಹನ್ ‘ಬರ ಅಂದ್ರೆ ಎಲ್ಲರಿಗೂ ಇಷ್ಟ’ ಅಂತ ತಂದಾರ. ಅಷ್ಟು ದೊಡ್ಡ ವರದಿಗಾರರೂ ಮುಂಬೈ, ಚೆನ್ನೈಯಾಗ ವರ್ಷಾನುಗಟ್ಟಲೆ ಹುಡುಗರಿಗೆ ಪಾಠ ಮಾಡ್ಯಾರ.

ಮಾಸ್ತರು: ಪಗಾರಕ್ಕ ಕಲಸ್ತಿ ಅಂದಂಗಾತು.

ಲೇಖಕಿ: ಪಗಾರಕ್ಕ ಸುರು ಮಾಡಿದೆ. ಈಗ ಪಗಾರ ಇಲ್ಲದ ತಿಂಗಳೂ ಹುಡುಗರ ಹಾಳಿ ತಿದ್ದತೀನಿ. ಕಲಸೂದರಿಂದ ನನ್ನ ಬರಹ ಗಟ್ಟಿ ಆಗೈತಿ. ‘ಇದು ನಿಮಗ ಹೆಂಗ ಗೊತ್ತಾತ್ರಿ ಮೇಡಂ?’ ಅಂತ ಹುಡುಗ ಎದ್ದು ಕೇಳ್ತಾನ. ರಾತ್ರಿ ನನ್ನ ಹಾಳಿ ಮುಂದ ಕುಂತಾಗ ಪ್ರತಿ ಸಾಲಿಗೂ ಅದ ಪ್ರಶ್ನೆ ಕೇಳ್ತೈತಿ. ಉತ್ತರ ಇಲ್ಲದ ಸಾಲು ಹೊಡದು ಹಾಕ್ತೀನಿ.

ಮಾಸ್ತರು: ಅವರಿಗೆ ನೌಕರಿ?

ಲೇಖಕಿ: ಒಂದಿಬ್ಬರು ಪತ್ರಿಕೆಗೆ, ಚಾನೆಲ್ಲಿಗೆ ಹೋಗ್ತಾರ. ಅಲ್ಲೆ ಜಾಹೀರಾತು ತಾ ಅಂತಾರ, ಸುದ್ದಿ ಅರ್ಧ ತಾಸಿನ್ಯಾಗ ಕಳಸು ಅಂತಾರ. ಉಳಿದವರು ಪೊಲೀಸ್, ಬ್ಯಾಂಕು, ಶಾಲಿ, ಹೊಲ. ಹೊಲಕ್ಕ ಹೋದವನೂ ಉತಾರ ಓದ್ತಾನ, ಗ್ರಾಮಸಭೆಯಾಗ ಎದ್ದು ನಿಂತು ತಾರೀಕು ಹೇಳಿ ಮಾತಾಡ್ತಾನ. ಅವನಿಗೆ ಕಲಿಸಿದ್ದು ವ್ಯರ್ಥ ಆತು ಅಂತ ನನಗ ಅನಿಸಂಗಿಲ್ಲ.

ಮಾಸ್ತರು: ಅನಿಸಬಾರದು. ಆದ್ರ ಊರಿನ ಕಡೆಯಿಂದ ಒಂದು ಮಾತು. 2019ರ ಆಗಸ್ಟಿನ್ಯಾಗ ಮಲಪ್ರಭಾ ಏರಿ ಬಂದಾಗ ಎಷ್ಟು ಮಂದಿ ಕ್ಯಾಮೆರಾ ಹಿಡಕೊಂಡು ಬಂದ್ರು. ಪಟ್ಟದಕಲ್ಲ ಗುಡಿಗೆ ನೀರು ಹೊಕ್ಕದ್ದು ದೇಶಕ್ಕೆಲ್ಲ ಗೊತ್ತಾತು. ನೀರು ಇಳೀತು, ಅವರೂ ಹೋದ್ರು. ನೀ ಮತ್ತ ಮತ್ತ ಬರ್ತಿ, ಖರೆ. ಬರೀತಿ, ಅದೂ ಖರೆ. ಬರದದ್ದರಿಂದ ನಮ್ಮ ಹೊಲಕ್ಕ ಏನಾತು?

ಲೇಖಕಿ: ಗುರುಗಳ, ಇದಕ್ಕ ನನ್ನದರಿಂದ ಉತ್ತರ ಕೊಡಾಕ ಆಗಂಗಿಲ್ಲ. ಶ್ರೀ ಪಡ್ರೆಯವರ ಹೆಸರು ಹೇಳ್ತೀನಿ. ಕಾಸರಗೋಡಿನ ಕನ್ನಡಿಗರು, ಪಡ್ರೆ ಅವರ ಊರು. ಅಲ್ಲೆ ಗುಡ್ಡದ ಗೇರು ತೋಟಕ್ಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಸ್ತಿದ್ರು. 1979ರ ಸುಮಾರಿಗೆ ಕರುಗಳು ಕಾಲು ಸೊಟ್ಟ ಆಗಿ ಹುಟ್ಟಿದ್ದನ್ನ ಅವರು ನೋಡಿದ್ರು, 1980ರ ದಶಕದ ಸುರುವಿನ್ಯಾಗ ಬರದ್ರು. ಆವಾಗ ಯಾರೂ ಕಿವಿಗೆ ಹಾಕೊಳ್ಳಲಿಲ್ಲ. ಅವರು ಬಿಡಲಿಲ್ಲ. ಕರು ಆತು, ಆಮ್ಯಾಲ ಮಕ್ಕಳು ಅಂತ ಗೊತ್ತಾತು. ಊರ ವೈದ್ಯರು ಕಾಯಿಲಿ ಲೆಕ್ಕ ಇಟ್ರು, ಬ್ಯಾರೆಯವರು ಬಂದು ಬರದ್ರು, ಹೋರಾಟ ಆತು, ಕೋರ್ಟಿಗೆ ಹೋತು. 2011ರ ಮೇ ತಿಂಗಳಾಗ ಸುಪ್ರೀಂ ಕೋರ್ಟು ದೇಶದ ತುಂಬ ಅದನ್ನ ತಡೀತು. ಕರು ನೋಡಿದ ದಿನದಿಂದ ಮೂವತ್ತು ವರ್ಷದ ಮ್ಯಾಲ. ಒಂದು ಲೇಖನ ತಡೀಲಿಲ್ಲ, ಖರೆ. ಮೊದಲನೇ ಲೇಖನ ಇರದಿದ್ರ ಅಲ್ಲೆ ಏನೋ ನಡದೈತಿ ಅನ್ನೂದಕ್ಕ ದಾಖಲೆನ ಇರ್ತಿರಲಿಲ್ಲ.

ಅವರದ ಇನ್ನೊಂದು ಕೆಲಸ ನನಗ ಅದಕ್ಕಿಂತ ಹತ್ತಿರ. 1988ರಾಗ ಪುತ್ತೂರಿನ ‘ಅಡಿಕೆ ಪತ್ರಿಕೆ’ ಸುರು ಆದಾಗ, ರೈತರ ಅನುಭವ ರೈತರ ಬರೀಬೇಕು ಅಂದ್ರು. ‘ಕೃಷಿಕರ ಕೈಗೆ ಲೇಖನಿ’ ಅಂತ ಶಿಬಿರ ಮಾಡಿ ತೋಟದಾಗ ದುಡಿಯೋರಿಗೆ ಬರಿಯೂದು ಕಲಿಸಿದ್ರು. ಧಾರವಾಡದ ಕೃಷಿ ಮಾಧ್ಯಮ ಕೇಂದ್ರ ನಮ್ಮ ಕಡೆ ಹುಡುಗರಿಗೆ ಕೃಷಿ ಬರಹದ ತರಬೇತಿ ಕೊಟ್ಟಿದ್ದೂ ಅದ ದಾರಿಯಾಗ. ಮರೋಳದ ಪೈಪಿನ ಬಗ್ಗೆ ನಾ ಬರದ್ರ ಒಂದು ಪುಸ್ತಕ. ನಿಮ್ಮೂರ ಹುಡುಗಿ ಒಬ್ಬಾಕಿ ಹಂಗಾಮಿಗೊಮ್ಮೆ ಬರಕೊಂತ ಹೋದ್ರ ಇಪ್ಪತ್ತು ವರ್ಷದ ದಾಖಲೆ. ನನಗ ಬೇಕಾದದ್ದು ಆ ಹುಡುಗಿ.

ಮಾಸ್ತರು: ಹುಡುಗಿ ಅದಾಳ. ನನ್ನ ಮೊಮ್ಮಗಳ ಗೆಳತಿ, ಪಿ.ಯು. ಓದ್ತಾಳ, ಕೈಯಾಗ ಯಾವಾಗ್ಲೂ ವಹಿ. ಬರೋ ಹಿಂಗಾರಿಗೆ ನಿನ್ನ ಹುಡುಗರನ್ನ ಕರ್ಕೊಂಡು ಬಾ, ಅಕಿನ್ನೂ ಅವರ ಜೋಡಿ ಹಚ್ಚೋಣು. ನನ್ನ ಹೊಲದಿಂದ ಸುರು ಮಾಡಲಿ, ತುದಿ ಹೊಲದ ತನಕ ನಡೀಲಿ. ನಂದು ಒಂದ ಕರಾರು. ಬರದದ್ದು ಅಚ್ಚಾದ ಮ್ಯಾಲ ಊರಿಗೆ ತಂದು ಎಲ್ಲಾರ ಮುಂದ ಓದಬೇಕು. ನಮ್ಮ ಬಗ್ಗೆ ಬರದದ್ದನ್ನ ನಾವು ಕೇಳಬೇಕು. ಅಂಕಿ ತಪ್ಪಿದ್ರ ಅಲ್ಲೆ ಹೇಳ್ತೀವಿ, ಅವರು ಬರಕೊಬೇಕು.

ಲೇಖಕಿ: ಒಪ್ಪಿದೆ. ನನ್ನದೂ ಒಂದು ಕೇಳಿಕಿ, ನಿಮಗಷ್ಟ ಅಲ್ಲ, ಈ ಸೀಮಿಯ ಎಲ್ಲಾ ಊರಿನವರಿಗೂ. ನಿಮ್ಮೂರಿಗೆ ಕಾಲೇಜಿನ ಹುಡುಗ ಹುಡುಗಿ ವಹಿ ಹಿಡಕೊಂಡು ಬಂದ್ರ ‘ನಿನ್ನಿಂದ ಏನಾಗ್ತೈತಿ’ ಅಂತ ಕಳಸಬ್ಯಾಡ್ರಿ. ಹೊಲ ತೋರಿಸ್ರಿ, ಸಂಘದ ಠರಾವು ಪುಸ್ತಕ ತೋರಿಸ್ರಿ, ಗೊತ್ತಿಲ್ಲದ್ದಕ್ಕ ಗೊತ್ತಿಲ್ಲ ಅನ್ರಿ. ಮುಂದಿನ ವರ್ಷ ಮತ್ತ ಬಾ ಅಂತ ಹೇಳಿ ಕಳಸ್ರಿ.